ಬೈ ಅಂಡ್ ಲಾರ್ಜ್

ಕೊಲ್ಲಿ ದೇಶದ ಮೆಸಯೀದ್‌ನ ಕಂಪನಿಯೊಂದರಲ್ಲಿ ನಾನು ಗುಮಾಸ್ತನಾಗಿದ್ದಾಗ ಕೆಲಸಗಾರನೊಬ್ಬ ಎತ್ತರದಿಂದ ಬಿದ್ದು ತೀರಿಕೊಂಡ. 'ಇನ್ ಜನರಲ್, ಕೆಲಸಗಾರರು ಸೇಫ್ಟಿ ಬೆಲ್ಟ್ ಕಟ್ಟಿಕೊಳ್ಳುವುದಿಲ್ಲ' ಎಂದು ವರದಿಯಲ್ಲಿ ಬರೆಯಲು ಮ್ಯಾನೇಜರ್ ಹೇಳಿದರು. ಇಂಗ್ಲಿಷ್ ಚೆನ್ನಾಗಿ ಬರುತ್ತದೆಂಬ ಜಂಬ ನನಗೆ. 'ಇನ್ ಜನರಲ್' ಎಂಬುದನ್ನು 'ಬೈ ಅಂಡ್ ಲಾರ್ಜ್' ಎಂದು ತಿದ್ದಿ ಖುಷಿಪಟ್ಟೆ.

ಮರುದಿನ, ಅಲ್ಲೇ ಕೆಲಸಕ್ಕಿದ್ದ, ತೀರಿಕೊಂಡವನ ಅಣ್ಣ ಬಂದರು. ಉಳ್ಳಾಲದ ಕಡೆಯವರು. "ಏನು ಬರೆದಿದ್ದೀರಿ, ಕನ್ನಡದಲ್ಲಿ ಹೇಳಿ ಸಾರ್" ಎಂದರು.

"ಸಾಮಾನ್ಯವಾಗಿ ಕೆಲಸಗಾರರು ಬೆಲ್ಟ್ ಕಟ್ಟಿಕೊಳ್ಳುವುದಿಲ್ಲ" ಎಂದೆ. ಕನ್ನಡದಲ್ಲಿ ಅದು ನನ್ನ ಕಿವಿಗೇ ಸುಳ್ಳೆನಿಸಿತು.

"ಸಾಮಾನ್ಯವಾಗಿ ಅಂದ್ರೆ ಯಾರು ಸಾರ್? ನನ್ನ ತಮ್ಮ ಕಟ್ಟಿಕೊಂಡಿದ್ದ. ತುಂಡಾದದ್ದು ಬೆಲ್ಟಿನ ಹಗ್ಗ. ನಾನೇ ನೋಡಿದ್ದೇನೆ."

ಆ ಸಾಲನ್ನು ಹೊಡೆದುಹಾಕಿ ಅವರು ಹೇಳಿದ್ದನ್ನೇ ಬರೆದೆ. ಮ್ಯಾನೇಜರ್ ಎರಡು ದಿನ ಸಹಿ ಹಾಕಲಿಲ್ಲ. ಮೂರನೆಯ ದಿನ, ನನ್ನ ಮುಖ ನೋಡದೆ ಹಾಕಿದರು.