ದಿನಕರ ಮಾಸ್ತರರ ಕಟ್ಟಿಗೆ ಲೆಕ್ಕ

ನಮ್ಮ ಶಿರಸಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ದಿನಕರ ಮಾಸ್ತರರಷ್ಟು ಪ್ರಾಮಾಣಿಕ ಮನುಷ್ಯನನ್ನು ನಾನು ಕಂಡಿಲ್ಲ. ಆ ಪ್ರಾಮಾಣಿಕತೆಯೇ ಒಂದು ಕೇರಿಯ ಒಲೆ ಆರಿಸಿತು ಎನ್ನಲು ಈಗಲೂ ಸಂಕಟವಾಗುತ್ತದೆ.

೧೯೯೭ರಲ್ಲಿ ಅವರಿಗೊಂದು ಅಧ್ಯಯನ ಸಿಕ್ಕಿತು. ಕಾಡೂ ಉಳಿಯಬೇಕು, ಜನರೂ ಬದುಕಬೇಕು, ಅದಕ್ಕೆ ಸರ್ಕಾರದ ನೀತಿ ಹೇಗಿರಬೇಕು ಎಂಬುದು ವಿಷಯ. ಸ್ಟಾಫ್ ರೂಮಿನಲ್ಲಿ ಪಕ್ಕದ ಕುರ್ಚಿಯ ನನಗೆ ದಿನಾ ಅದೇ ಪ್ರವಚನ. ಮನೆಮನೆಯ ಕಟ್ಟಿಗೆ ಲೆಕ್ಕ ಕೇಳಲು ಸಿದ್ದಾಪುರದ ಕಡೆಯ ಕೇರಿಯೊಂದಕ್ಕೆ ಹೋಗಬೇಕಿತ್ತು, ಬಸ್ಸಿರಲಿಲ್ಲ. ಫಾರೆಸ್ಟಿನವರ ಜೀಪು ಅತ್ತ ಹೊರಟಿತ್ತು, ಹತ್ತಿಕೊಂಡರು.

ಮೊದಲ ಮನೆಯ ಅಂಗಳದಲ್ಲಿ ನಿಂತಿದ್ದ ಗಂಗೆ ಎಂಬವಳು ಜೀಪನ್ನೂ ನೋಡಿದಳು, ಇವರ ಪೆನ್ನನ್ನೂ ನೋಡಿದಳು.

“ಬೆಟ್ಟದಿಂದ ವಾರಕ್ಕೆ ಎಷ್ಟು ಹೊರೆ ಕಟ್ಟಿಗೆ ತರ್ತೀಯೆ?”

“ಒಂದೂ ಇಲ್ಲ ಒಡ್ಯಾ. ಬಿದ್ದ ಕಡ್ಡಿಗಿಡ್ಡಿ ಸಾಕು ನಮ್ಗೆ.”

ಅವಳ ಮನೆಯ ಹಿಂದೆಯೇ ಕಟ್ಟಿಗೆ ಆಳೆತ್ತರ ಒಟ್ಟಿತ್ತು. ಫಾರೆಸ್ಟ್ ಜೀಪಿನಲ್ಲಿ ಬಂದವನಿಗೆ ಯಾರು ನಿಜ ಹೇಳುತ್ತಾರೆ? ಇಲ್ಲೇ ಹುಟ್ಟಿ ಬೆಳೆದ ಮಾಸ್ತರರಿಗೆ ಇದು ಗೊತ್ತಿರಬೇಕಿತ್ತು. ಆದರೂ ಕಂಡದ್ದನ್ನು ಬಿಟ್ಟು ಕೇಳಿದ್ದನ್ನು ಬರೆದರು. ಹಿಂತಿರುಗಿದ ಮೇಲೆ ನಾನು ಕೇಳಿದ್ದಕ್ಕೆ, “ಅವು ಹೇಳಿದ್ದನ್ನ ಆನು ತಿದ್ದಲೆ ಆಗ್ತಿಲ್ಲೆ ಮಾರಾಯಾ” ಅಂದರು; ಜನ ಹೇಳಿದ್ದನ್ನು ತಿದ್ದುವುದು ಅವರ ಪ್ರಾಮಾಣಿಕತೆಗೆ ಒಗ್ಗದು. ಮೂವತ್ತೊಂದು ಮನೆ, ಮೂವತ್ತೊಂದು ಸೊನ್ನೆ.

ವರದಿ ಸರ್ಕಾರದ ಅರಣ್ಯ ಸಮಿತಿಗೆ ಹೋಯಿತು. ಕಟ್ಟಿಗೆಗೂ ಯಾರಿಗೂ ಬೇಡದ ಬೆಟ್ಟವೆಂದು ತಂತಿಬೇಲಿ ಹಾಕಿ, ಅಕೇಶಿಯಾ ನೆಟ್ಟು ಕಾವಲಿಟ್ಟರು. ಅದೇ ಅಧ್ಯಯನಕ್ಕೆ ಮಾಸ್ತರರಿಗೆ ಡಾಕ್ಟರೇಟ್ ಬಂತು. ಸ್ಟಾಫ್ ರೂಮಿನಲ್ಲಿ ಪೇಡೆ ಹಂಚಿದರು. ನಾನೂ ಎರಡು ತಿಂದೆ.

ಎರಡು ವರ್ಷದ ಮೇಲೆ ಗಂಗೆಯ ಗಂಡ ಚೌಡ ಕಾಲೇಜಿನ ಗೇಟಿಗೆ ಬಂದ. “ಬೇಲಿ ತೆಗ್ಸಿ ಒಡ್ಯಾ. ಅನ್ನ ಬೇಯಿಸೂಕೆ ಕಟ್ಟಿಗೆ ಇಲ್ಲ.”

ಅಂದಿನಿಂದ ಮಾಸ್ತರರಿಗೆ ಊಟ ನಿದ್ದೆ ಹತ್ತಲಿಲ್ಲ. ಶಿರಸಿ, ಯಲ್ಲಾಪುರ, ಕಾರವಾರ ಎಂದು ಕಂಡ ಕಚೇರಿಗಳ ಮೆಟ್ಟಿಲು ಹತ್ತಿ, ನನ್ನ ವರದಿ ತಪ್ಪು ಎಂದು ಅಂಗಲಾಚಿದರು. ಮೂರು ವರ್ಷ ಅಲೆಸಿದ ಸಮಿತಿ ಕೊನೆಗೆ, ಹೊಸ ಲೆಕ್ಕ ತನ್ನಿ, ಹೊರೆ ಹೆಚ್ಚಿದ್ದರೆ ಬೇಲಿ ತೆಗೆಯೋಣ ಎಂದಿತು.

ಈ ಸಲ ಜೀಪು ಹತ್ತಲಿಲ್ಲ. ನನ್ನನ್ನೂ ಎಳೆದುಕೊಂಡು ಆರು ಮೈಲಿ ನಡೆದರು.

“ಹೆದರಬೇಡ ಗಂಗೆ. ಎಷ್ಟು ಹೊರೆ?”

“ಒಂದೂ ಇಲ್ಲ ಒಡ್ಯಾ.”

“ಸುಳ್ಳು ಬೇಡ!”

“ಆವಾಗ ಹೇಳಿದ್ದು ಸುಳ್ಳು. ಈಗ ನಿಜ. ಬೇಲಿ ದಾಟಿದ್ರೆ ಹಿಡ್ಕಂಡ್ ಹೋಗ್ತಾರೆ.” ಅವಳು ಕೊಟ್ಟಿಗೆ ತೋರಿಸಿದಳು. ಮಾಡಿನ, ಅಂದರೆ ಸೂರಿನ, ಅರ್ಧದಷ್ಟು ಗಳಗಳು ಒಲೆಗೆ ಹೋಗಿ ಅರ್ಧ ಕೊಟ್ಟಿಗೆ ಬಯಲಾಗಿತ್ತು. “ನಾನು ಹೆದ್ರಿ ಹೇಳ್ದೆ. ಮನೆ ಹಿಂದೆ ಕಟ್ಟಿಗೆ ರಾಶಿ ಇತ್ತಲ್ಲ, ನಿಮ್ಗೆ ಕಣ್ಣಿರ್ಲಿಲ್ವಾ?”

ಮಾಸ್ತರರು ಜಗಲಿಯ ಮೇಲೆ ಕೂತು ಪೆನ್ನು ತೆಗೆದರು. “ಈಗ ಆನು ಎಂತ ಬರೀಲಿ?”

“ಹತ್ತು ಹೊರೆ ಅಂತ ಬರೆ!” ಎಂದು ರೇಗಿದೆ.

ಬರೆದರು. ಪುಣ್ಯಾತ್ಮ ಆಯುಷ್ಯದಲ್ಲಿ ಬರೆದ ಒಂದೇ ಸುಳ್ಳು ಅದು. ಸಮಿತಿಯವರು ಖುದ್ದಾಗಿ ಬಂದು ಪ್ರತಿ ಮನೆಯ ಹಿತ್ತಿಲು ನೋಡಿದರು. ಎಲ್ಲೂ ಒಂದು ಕಟ್ಟಿಗೆಯೂ ಇರಲಿಲ್ಲ.

ತಿಂಗಳೊಳಗೆ ಕಾಗದ ಬಂತು: ಡಾ. ದಿನಕರರ ಮೊದಲ ವರದಿಯೇ ಸರಿ, ಬೇಲಿ ಇರತಕ್ಕದ್ದು. ಆ ಮಳೆಗಾಲದಲ್ಲಿ ಗಂಗೆ ಕೊಟ್ಟಿಗೆಯ ಉಳಿದರ್ಧ ಮಾಡನ್ನೂ ಬಿಚ್ಚಿ ಒಲೆಗಿಟ್ಟಳು.