ಗುಮ್ಮಟದ ಕೆಳಗೆ ನಡೆಯದ ಜವಾನ

ಭೂಮಿಯ ಮೇಲೆ ಭೀಷ್ಮಪ್ರತಿಜ್ಞೆ ಎಂಬುದು ಇನ್ನೂ ಉಳಿದಿದ್ದರೆ ಅದು ನಮ್ಮ ಕಾಲೇಜಿನ ಜವಾನನ ಪಾದಗಳಲ್ಲಿ. ಚಹಾದ ತಟ್ಟೆ ಹಿಡಿದು ದೊಡ್ಡ ಸಭಾಂಗಣ ದಾಟುವಾಗ ಆತ ಗುಮ್ಮಟದ ನೇರ ಕೆಳಗೆ ಎಂದೂ ಹೆಜ್ಜೆಯಿಟ್ಟವನಲ್ಲ. ಗೋಡೆಗೆ ಭುಜ ತಾಗಿಸಿಕೊಂಡು ಸುತ್ತು ಹಾಕಿಯೇ ಬರುತ್ತಿದ್ದ. ನಕ್ಷೆ ಬರೆದ ವಾಸ್ತುಶಿಲ್ಪಿಯ ಆತ್ಮ ಅಲ್ಲಿ ಅಡ್ಡ ನಿಂತಿದೆಯೆಂದು ವಿದ್ಯಾರ್ಥಿಗಳು ನಂಬಿದ್ದರು. ಇತಿಹಾಸದ ಮೇಷ್ಟರಂತೂ, ಇವನಿಗೆ ಕಲ್ಲಿನ ಮಾತು ಕೇಳಿಸುತ್ತದೆ ಎಂದು ಪಾಠದಲ್ಲೇ ಸೇರಿಸಿಬಿಟ್ಟಿದ್ದರು.

ಆ ಆತ್ಮಕ್ಕೆ ಅಲೆಯಲು ಕಾರಣವೂ ಇತ್ತು. ನಕ್ಷೆಯಲ್ಲಿದ್ದದ್ದು ಮರದ ತೊಲೆಗಳ ಮೇಲೆ ಹಗುರವಾದ ಹೆಂಚಿನ ಮಾಡು. ಗೋಡೆ ಎದ್ದು ನಿಂತಮೇಲೆ, ದುಡ್ಡು ಕೊಟ್ಟ ಧಣಿ ಪಕ್ಕದ ಊರಿನ ಕಾಲೇಜಿನ ಗುಮ್ಮಟ ನೋಡಿ ಬಂದರು. ಅದಕ್ಕಿಂತ ದೊಡ್ಡದು ಬೇಕೆಂದರು. ಈ ಗೋಡೆ ಭಾರ ತಡೆಯುವುದಿಲ್ಲ ಎಂದು ವಾಸ್ತುಶಿಲ್ಪಿ ಹೇಳಿದರೆ, ಮೂಲೆಗೊಂದು ಗೋಪುರ ನಿಲ್ಲಿಸಿ ಎಂದರು. ಗೋಪುರಗಳು ಒಳಗೆ ಟೊಳ್ಳು; ಭಾರ ಹೊತ್ತವರ ಗತ್ತು ಮಾತ್ರ ಅವುಗಳದು. ಅಂದಿನಿಂದ ಕಮಾನುಗಳು ಬಿರುಕು ಬಿಡುತ್ತ ಬಂದವು, ಬಂದ ಬಂದ ಪ್ರಾಂಶುಪಾಲರು ಸುಣ್ಣ ಬಳಿಸುತ್ತ ಬಂದರು.

ಕೊನೆಗೆ, ಕಟ್ಟಡ ಉಳಿಸಬೇಕೋ ಕೆಡವಬೇಕೋ ಎಂದು ನೋಡಲು ಎಂಜಿನಿಯರುಗಳು ಬರುವುದಾಯಿತು. ಮೆಟ್ಟಿಲ ಕೆಳಗಿನ ಕೋಣೆಯೇ ಜವಾನನ ಮನೆ. ಹೆಂಡತಿ ಅಲ್ಲೇ ಕಸ ಗುಡಿಸಿ ನೆಲ ಒರೆಸುವವಳು. ಬೀಗ ಬಿದ್ದರೆ ಇಬ್ಬರಿಗೂ ಸೂರೂ ಇಲ್ಲ, ಕೆಲಸವೂ ಇಲ್ಲ. ಅವನು ಗುಮ್ಮಟಕ್ಕೆ ಹೆದರುತ್ತಾನೆಂಬ ಸುದ್ದಿ ಎಂಜಿನಿಯರುಗಳ ಕಿವಿಗೂ ಬಿದ್ದಿತ್ತು. ಚಹಾ ತರುವಾಗ ನಟ್ಟನಡುವೆ ನಡೆದು ಅವರ ಅನುಮಾನ ಕಳೆ ಎಂದು ಪ್ರಾಂಶುಪಾಲರು ಅಪ್ಪಣೆ ಮಾಡಿದರು.

"ಒಂದಿನ ನೆಟ್ಟಗೆ ನಡೆದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದಳು ಹೆಂಡತಿ.

"ನಡೀತೀನಿ ಕಣೇ. ಕಾಲು ನಂದೇ ತಾನೆ?"

ಆ ದಿನ ಕಾಲು ಅವನ ಮಾತು ಕೇಳಲಿಲ್ಲ. ದಂಡಯಾತ್ರೆಗೆ ಹೊರಟ ಸೇನಾಪತಿಯಂತೆ ಎದೆ ಸೆಟೆಸಿ ಬಾಗಿಲು ದಾಟಿದ. ಚಹಾ ತುಳುಕದಿರಲೆಂದು ಲೋಟಗಳ ಮೇಲೆ ಕಣ್ಣಿಟ್ಟ. ತಲೆ ಎತ್ತುವಷ್ಟರಲ್ಲಿ ಭುಜ ಗೋಡೆ ಸವರುತ್ತಿತ್ತು. ನಡುವೆ ನಿಂತಿದ್ದ ಎಂಜಿನಿಯರುಗಳು ಒಮ್ಮೆ ಅವನನ್ನು, ಒಮ್ಮೆ ಗುಮ್ಮಟವನ್ನು ನೋಡಿ, ಒಬ್ಬೊಬ್ಬರಾಗಿ ತಾವೂ ಗೋಡೆಗೆ ಸರಿದರು. ಚಹಾವನ್ನು ಹೊರಗೇ ಕುಡಿದರು. ಮರುವಾರ ಬೀಗ ಬಿತ್ತು. ಕೆಡವುವ ಆಜ್ಞೆಯೂ ಬಂತು.

ತಳ್ಳುಗಾಡಿಗೆ ಪೆಟ್ಟಿಗೆ ಏರಿಸುತ್ತಿದ್ದವನನ್ನು ಇತಿಹಾಸದ ಮೇಷ್ಟರು ತಡೆದು ನಿಲ್ಲಿಸಿದರು. ಆ ಕಲ್ಲುಗಳು ನಿನಗೆ ಏನು ಹೇಳುತ್ತಿದ್ದವು, ಈಗಲಾದರೂ ಹೇಳು ಎಂದು ಗೋಗರೆದರು.

"ಕಲ್ಲು ಏನ್ ಹೇಳುತ್ತೆ ಸಾರ್? ಇವಳು ನೆಲ ಒರೆಸಿದ್ರೆ ನಡುವೆ ಬೇಗ ಆರ್ತಿರ್ಲಿಲ್ಲ, ತುಳಿದ್ರೆ ಬಯ್ತಿದ್ಲು. ಅದೇ ಅಭ್ಯಾಸ ಆಗೋಯ್ತು. ಈಗ ಈ ಪೆಟ್ಟಿಗೆ ಎಲ್ಲಿ ಇಳಿಸ್ಲಿ, ಅದನ್ನ ಹೇಳಿ."