ಓದೋ ಅಕ್ಕನ ದನಿ ಕಳುವಾದಾಗ

ಅಚ್ಚುಕೂಟದಲ್ಲಿ ಕರಡು ತಿದ್ದುವುದು ಅವಳ ಕೆಲಸ. ಸಂಜೆ ಮನೆಗೆ ಬಂದವಳೇ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಬೆವರುತ್ತ ಮೈಕಿನ ಮುಂದೆ ಕೂತು ಪಾಠಗಳನ್ನು ಓದಿ ರೆಕಾರ್ಡ್ ಮಾಡುತ್ತಿದ್ದಳು. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಆ ದನಿಯೇ ಪುಸ್ತಕ. ಅವರ ಬಾಯಲ್ಲಿ ಅವಳು 'ಓದೋ ಅಕ್ಕ'. ಈಚೆಗೆ ಗಂಟಲಿನ ಆಪರೇಷನ್ ಆದಮೇಲೆ ದನಿ ಒಡೆದಿತ್ತು. ಒಂದು ಪುಟ ಓದಿದರೆ ಸಾಕು, ಉಸಿರು ಸಾಲದು. ಹಳೆಯ ಪಾಠಗಳಾದರೂ ಇವೆಯಲ್ಲ, ಕಂಪ್ಯೂಟರಿನಲ್ಲೊಂದು, ಆನ್‌ಲೈನ್ ಖಾತೆಯಲ್ಲೊಂದು ಪ್ರತಿ, ಎಂದು ನೆಮ್ಮದಿಯಾಗಿದ್ದಳು.

ಒಂದು ಮಧ್ಯಾಹ್ನ ವಿದ್ಯಾರ್ಥಿನಿಯೊಬ್ಬಳ ಫೋನ್ ಬಂತು. "ಅಕ್ಕಾ, ಆಸ್ಪತ್ರೆಲಿದೀನಿ, ದುಡ್ಡು ಕಳಿಸು ಅಂತ ನಿಮ್ಮ ಮೇಲ್ ಬಂದಿದೆ. ಫೋನಲ್ಲಿ ಓದಿಸಿ ಕೇಳ್ದೆ. ನೀವು ಮಾತಾಡೋ ಥರ ಇಲ್ವಲ್ಲ ಅನ್ನಿಸ್ತು."

ಅವಳು ಮನೆಗೆ ಓಡಿ ಕಂಪ್ಯೂಟರ್ ತೆರೆದಳು. ಕಣ್ಣೆದುರೇ ಒಂದೊಂದಾಗಿ ಫೈಲುಗಳು ಮಾಯವಾಗುತ್ತಿದ್ದವು. ಖಾತೆಗೆ ನುಗ್ಗಿದ ಕಳ್ಳ ಅಲ್ಲಿ ಅಳಿಸಿದ್ದು ಇಲ್ಲೂ ತಾನಾಗಿಯೇ ಅಳಿಯುತ್ತಿತ್ತು. ಕೂಡಲೇ ನಾದಿನಿಗೆ ಫೋನ್ ಮಾಡಿದಳು. ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುವವಳು ಅವಳು.

"ಅತ್ತಿಗೆ, ಮೊದಲು ನೆಟ್ ವೈರ್ ಕಿತ್ತುಹಾಕಿ! ಆಮೇಲೆ ಅಳುವಿರಂತೆ."

ಕಿತ್ತಳು. ಉಳಿದದ್ದು ಅರ್ಧವೂ ಇಲ್ಲ.

ನಾದಿನಿ ಬಂದು ಖಾತೆಯನ್ನು ಹೇಗೋ ಮರಳಿ ಪಡೆದಳು. ಪಾಸ್‌ವರ್ಡ್ ಬದಲಿಸಿ, ಫೋನಿಗೆ ಕೋಡ್ ಬರುವಂತೆ ಮಾಡಿ, ಸೆಟ್ಟಿಂಗ್ ಕೆದಕಿದರೆ ಅವಳಿಗೆ ಬಂದ ಒಂದೊಂದು ಇ-ಮೇಲ್‌ನ ನಕಲೂ ಕಳ್ಳನಿಗೆ ಹೋಗುವ ಏರ್ಪಾಡು ಅಲ್ಲೇ ಕೂತಿತ್ತು. ಅದನ್ನೂ ತೆಗೆದಳು. ಅಳಿಸಿದ ಫೈಲುಗಳು ಹೋಗಿ ಬೀಳುವ ಕಸದ ಬುಟ್ಟಿಯನ್ನಂತೂ ಕಳ್ಳ ಗುಡಿಸಿ ಹೋಗಿದ್ದ.

"ಇದೇ ಪಾಸ್‌ವರ್ಡ್ ಇನ್ನೆಲ್ಲೆಲ್ಲಿ ಹಾಕಿದೀರಿ?"

"ಎಲ್ಲಾ ಕಡೆ."

ನಾದಿನಿ ತಲೆಯ ಮೇಲೆ ಕೈಹೊತ್ತಳು. "ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕೋ ಕೆಲಸ. ಆದ್ರೂ ಹಾಕಲೇಬೇಕು."

ಒಂದೊಂದು ಖಾತೆಯ ಪಾಸ್‌ವರ್ಡ್ ಬದಲಿಸುವಷ್ಟರಲ್ಲಿ ಇಬ್ಬರಿಗೂ ಸಾಕುಸಾಕಾಯಿತು.

ವಿಷಯ ತಿಳಿದ ವಿದ್ಯಾರ್ಥಿಗಳು ತಂತಮ್ಮ ಫೋನುಗಳಲ್ಲಿ ಇಳಿಸಿಕೊಂಡಿದ್ದ ಪಾಠಗಳನ್ನು ಕಳಿಸತೊಡಗಿದರು. ಒಂದರ ಹೆಸರು 'ಪರೀಕ್ಷೆಗೆ', ಇನ್ನೊಂದರದು 'ಅಕ್ಕ ಹೊಸದು', ಹಲವಕ್ಕೆ ಹೆಸರೇ ಇಲ್ಲ. ಯಾವುದು ಯಾವ ಪಾಠವೆಂದು ತಿಳಿಯಲು ಕೇಳಲೇಬೇಕು. ವಾರಗಟ್ಟಲೆ ಅವಳು ಕೆಲಸ ಮುಗಿಸಿ ಬಂದು, ತುಂಬಿದ ತನ್ನ ಹಳೆಯ ದನಿಯನ್ನು ಕೇಳುತ್ತ ಕೂತಳು. ಕೆಲವು ಸಲ ಮಧ್ಯದಲ್ಲೇ ನಿಲ್ಲಿಸಿ, ಅದೇ ಸಾಲನ್ನು ಮತ್ತೆ ಹಾಕಿ ಕೇಳುತ್ತಿದ್ದಳು.

ಬಹುಪಾಲು ಮರಳಿ ಬಂದವು. ರಸಾಯನಶಾಸ್ತ್ರದ ಎರಡು ಅಧ್ಯಾಯ ಮಾತ್ರ ಯಾರಲ್ಲೂ ಇರಲಿಲ್ಲ.

"ಬೇರೆ ಯಾರಾದ್ರೂ ಓದ್ಲಿ ಬಿಡಿ ಅತ್ತಿಗೆ."

"ಓದ್ತಾರಮ್ಮ, ಯಾವತ್ತೋ. ಪರೀಕ್ಷೆ ಕಾಯುತ್ತಾ?"

ಬಿಸಿನೀರು ಗುಟುಕರಿಸುತ್ತ, ದಿನಕ್ಕೊಂದು ಪುಟದಂತೆ ಅವಳೇ ಓದಿ ಮುಗಿಸಿದಳು. ಕೇಳಿದ ವಿದ್ಯಾರ್ಥಿನಿ, "ಅಕ್ಕಾ, ನೆಗಡಿನಾ?" ಎಂದಳು.

"ಇಲ್ಲಮ್ಮ. ಇನ್ಮೇಲೆ ದನಿ ಹೀಗೇ."

"ಅರ್ಥ ಆಗತ್ತೆ ಬಿಡಿ. ಸ್ವಲ್ಪ ನಿಧಾನ ಆಗಿದೆ, ಬರ್ಕೊಳ್ಳೋಕೆ ಒಳ್ಳೇದೇ ಆಯ್ತು."

ಈಗ ಎಲ್ಲವೂ ಎರಡು ಡಿಸ್ಕುಗಳಲ್ಲಿವೆ. ಪ್ರತಿ ತುಂಬಿಸಿದ ಕೂಡಲೇ ಕಂಪ್ಯೂಟರಿನಿಂದ ಬಿಡಿಸಿ ಒಂದನ್ನು ಬೀರುವಿನಲ್ಲಿಡುತ್ತಾಳೆ. ಇನ್ನೊಂದು ನಾದಿನಿಯ ಮನೆಗೆ ಹೋಗುತ್ತದೆ. ಮೊದಲ ಸಲ ಅದನ್ನು ಅವಳ ಕೈಗಿತ್ತ ಸಂಜೆ ಓದೋ ಅಕ್ಕ ಏನನ್ನೂ ಓದಲಿಲ್ಲ. ವಾರಗಟ್ಟಲೆಯ ದಣಿವೆಲ್ಲ ಒಮ್ಮೆಗೇ ಬಂದಂತಾಗಿ, ಊಟವನ್ನೂ ಬೇಡವೆಂದು ನಿಶ್ಚಿಂತೆಯಿಂದ ಮಲಗಿಬಿಟ್ಟಳು.